ಒಂದು ಮೊಳ ಟೇಪು

ಮೊನ್ನೆ ಕಪಾಟಿನಿಂದ ಹಳೆಯ ಕ್ಯಾಸೆಟ್ಟೊಂದನ್ನು ತೆಗೆದಾಗ ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿ ಕೂತಿತ್ತು. ಮಣಿಪಾಲದ ಮಳೆಗಾಲ ಯಾವುದನ್ನೂ ಬಿಡುವುದಿಲ್ಲ. ಆದರೆ ನನಗೆ ಹೇಸಿಗೆ ಹುಟ್ಟಿಸಿದ್ದು ಬೂಷ್ಟಲ್ಲ... ಅದರ ಹಿಂದಿನ ದಿನ ಮೊಬೈಲಿನಲ್ಲಿ ಕೇಳಿದ ಹಾಡು.

ಕಾಪು ಕಡಲ ತೀರದ ಯಾವುದೋ ರೆಸಾರ್ಟಿನ ಜಾಹೀರಾತು. ಈಜುಕೊಳದ ಪಕ್ಕ ಹುಡುಗಿಯೊಬ್ಬಳು ಎಳನೀರು ಕುಡಿಯುತ್ತಿದ್ದಳು; ಹಿಂದಿನಿಂದ ನಾಟಿಯ ಹಾಡು, ಅದಕ್ಕೆ ಡಬಡಬ ತಾಳ. ಕೆಳಗೆ, ಸಂಗೀತ ಎಂದು ಯಾವನದೋ ಹೆಸರು. ಆ ಧ್ವನಿಯ ಗುರುತು ನನಗೆ ಸಿಗದಿರುತ್ತದೆಯೇ? ಎರಡನೆಯ ಸಾಲಿನ ಕೊನೆಯಲ್ಲಿ ಹಾಡಿದಾಕೆ ಕೆಮ್ಮಿದ್ದೂ ಹಾಗೇ ಉಳಿದಿತ್ತು. ಹಾಡು ಹೊರಟದ್ದು ನನ್ನ ಮನೆಯಿಂದಲೇ.

ಕಾಪು ಪೇಟೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಸಾಹೇಬರು ಮಾಡಿಕೊಟ್ಟ ಪ್ರತಿ ನನ್ನ ಆ ಕ್ಯಾಸೆಟ್ಟು. ಬೆಳ್ಮಣ್ಣಿನ ಹೆಂಗಸೊಬ್ಬರು ಗದ್ದೆಯಲ್ಲಿ ಹಾಡುತ್ತಿದ್ದ ತುಳು ಹಾಡುಗಳನ್ನು ಒಂದು ಕಂಪನಿ ಕ್ಯಾಸೆಟ್ ಮಾಡಿ, ಒಂದೇ ಸಲ ಮಾರಿ, ಬಾಗಿಲು ಹಾಕಿಕೊಂಡಿತ್ತು. ಸಾಹೇಬರ ಬಳಿ ಒಂದು ಉಳಿದಿತ್ತು. ಅಂಗಡಿಯಲ್ಲಿ ಸಿಗುವ ಕ್ಯಾಸೆಟ್ಟನ್ನು ಅವರು ಎಷ್ಟು ಗೋಗರೆದರೂ ನಕಲು ಮಾಡಿಕೊಡುತ್ತಿರಲಿಲ್ಲ. ಸಿಗದೇ ಹೋದದ್ದನ್ನು ಮಾಡುತ್ತಿದ್ದರು, ಅದೂ ಹಾಡಿದವರನ್ನು ಕೇಳಿ.

“ಕಂಪನಿಯೇ ಮುಚ್ಚಿದೆ, ಇನ್ನು ಯಾರನ್ನು ಕೇಳುವುದು ಸಾಹೇಬರೇ?” ಎಂದಿದ್ದೆ.

“ಮುಚ್ಚಿದ್ದು ಕಂಪನಿ ಮಾರಾಯ್ರೆ, ಹಾಡಿದವರು ಇದ್ದಾರೆ ಅಲ್ವಾ? ಬೆಳ್ಮಣ್ಣಿಗೆ ಬಸ್ ಉಂಟು.”

ಒಂದು ವಾರ ಕಾಯಿಸಿದರು. ಎಲೆಅಡಿಕೆ ಕಟ್ಟಿಸಿಕೊಂಡು ಹೋಗಿ ಕೇಳಿ ಬಂದರು. ಆಕೆ ತನಗೇನೂ ಬೇಡ, ಯಾರು ಹಾಡಿದ್ದೆಂದು ಹೇಳಿದರೆ ಸಾಕು ಎಂದರಂತೆ. ಸಾಹೇಬರು ಹೆಸರನ್ನು ಡಬ್ಬಿಯ ಚೀಟಿಯಲ್ಲಿ ಬರೆಯುತ್ತಿರಲಿಲ್ಲ. ಜನ ಡಬ್ಬಿಗಳನ್ನು ಅದಲುಬದಲು ಮಾಡುತ್ತಾರೆ, ಟೇಪಿನಲ್ಲೇ ಇರಲಿ ಎಂಬುದು ಅವರ ಕ್ರಮ. ಮೈಕಿನ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು, ಆಕೆಯ ಹೆಸರು, ಊರು, ಕೊನೆಗೆ “ಕೇಳಿ ಮಾಡಿದ ಪ್ರತಿ” ಎಂದು ಪಾಠ ಒಪ್ಪಿಸಿದಂತೆ ಹೇಳಿದರು. ಆಮೇಲೆ ಹಾಡು. ನನಗೆ ಒಳಗೊಳಗೇ ನಗು ಬಂದಿತ್ತು...

ವರ್ಷಗಳ ನಂತರ ಅದನ್ನು ಕಂಪ್ಯೂಟರಿಗೆ ಇಳಿಸುವಾಗ ಟೇಪಿನ ಮೊದಲ ಭಾಗ ಪ್ಲೇಯರಿಗೆ ಸಿಕ್ಕಿ ಮುದ್ದೆಯಾಯಿತು. ಬಿಡಿಸುವ ತಾಳ್ಮೆ ಯಾರಿಗಿತ್ತು? ಒಂದು ಮೊಳ ಕತ್ತರಿಸಿ ಬಿಸಾಡಿ, ಉಳಿದದ್ದನ್ನು ಅಂಟಿಸಿದೆ. ಹೋದದ್ದು ಸಾಹೇಬರ ಮಾತು ಮಾತ್ರ, ಹಾಡಿಗೇನೂ ತಾಗಲಿಲ್ಲ ಎಂದು ಸಮಾಧಾನವನ್ನೂ ಪಟ್ಟೆ. ಯಾರನ್ನೂ ಕೇಳದೆ ಅಂತರ್ಜಾಲಕ್ಕೆ ಏರಿಸಿದೆ. ‘ಅಪರೂಪದ ನಾಟಿ ಹಾಡು, ನನ್ನ ಸಂಗ್ರಹದಿಂದ’ ಎಂದು ಬರೆದೆ. ನನ್ನ ಸಂಗ್ರಹವಂತೆ, ಥೂ! ಜನ ಹೊಗಳಿದರು, ನಾನು ಉಬ್ಬಿದೆ. ಆಗ ಸಾಹೇಬರು ಬದುಕಿದ್ದರು. ಕಾಪುವಿಗೂ ಬಸ್ಸಿತ್ತು.

ರೆಸಾರ್ಟಿನವರಿಗೆ ಸಿಟ್ಟಿನಿಂದ ಬರೆದೆ: ಬಡವರ ಹಾಡು ಕದ್ದು ಕೋಣೆ ಬಾಡಿಗೆಗೆ ಕೊಡುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ? ಉತ್ತರ ಕೂಡಲೇ ಬಂತು, ಬಹಳ ವಿನಯದಿಂದ.

“ಹಾಡಿದವರ ಹೆಸರು ತಿಳಿಸಿ ಸರ್, ಈಗಲೇ ಹಾಕುತ್ತೇವೆ.”

ಎಷ್ಟು ಸಲ ಕೇಳಿದ್ದೆ ಆ ಹೆಸರನ್ನು! ಹಾಡು ಯಾವಾಗ ಶುರುವಾಗುತ್ತದೋ ಎಂದು ಕಾಯುತ್ತಾ ಕೇಳಿದ್ದೆ, ಅಷ್ಟೇ. ಕಪಾಟು ತಡಕಾಡಿ ಕ್ಯಾಸೆಟ್ಟು ಹೊರತೆಗೆದದ್ದು ಅದಕ್ಕೇ. ಚೀಟಿ ಖಾಲಿ. ಸಾಹೇಬರು ತೀರಿಕೊಂಡಿದ್ದಾರೆ, ಮೂಲ ಕ್ಯಾಸೆಟ್ಟು ಎಲ್ಲಿ ಹೋಯಿತೋ ಅವರ ಮನೆಯವರಿಗೂ ಗೊತ್ತಿಲ್ಲ. ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಆ ರೆಸಾರ್ಟಿನವರ ಮೇಲೆ ಬಂದಿದ್ದ ಅಸಹ್ಯವೆಲ್ಲ ತಿರುಗಿ ನನ್ನ ಮೇಲೆಯೇ ಬಂದು ಕೂತಿದೆ.

ನಿನ್ನೆ ಬೆಳ್ಮಣ್ಣಿಗೆ ಹೋದೆ. ಬಸ್ ನಿಲ್ಲುವಲ್ಲಿನ ಅಂಗಡಿಯಲ್ಲಿ ಎಲೆಅಡಿಕೆ ಕಟ್ಟಿಸಿಕೊಂಡು, ಹಿಂದೆ ಕ್ಯಾಸೆಟ್ಟಿಗೆ ನಾಟಿ ಹಾಡು ಹಾಡಿದವರ ಮನೆ ಯಾವುದೆಂದು ಅಲ್ಲಿದ್ದ ಅಜ್ಜಿಯನ್ನು ಕೇಳಿದೆ.

“ಆಗ ಇಲ್ಲಿ ಗದ್ದೆಗೆ ಇಳಿದವರೆಲ್ಲ ಹಾಡುವವರೇ. ಅವರ ಹೆಸರು ಎಂತ?”

ಬಂದ ಬಸ್ಸಿಗೇ ಹತ್ತಿದೆ. ಎಲೆಅಡಿಕೆಯ ಕಟ್ಟು ಈಗ ಕ್ಯಾಸೆಟ್ಟಿನ ಪಕ್ಕದಲ್ಲಿ ಬಾಡುತ್ತಿದೆ.