ಬಳ್ಳಿಯ ಬುಡಕ್ಕೆ ಉಪ್ಪು

ಅಥಣಿಯ ಕಾಲೇಜಿನಲ್ಲಿ ಜ್ಞಾನದೇವ ಮೃದ್ವಂಗಿಗಳ ಪಾಠ ಮಾಡಿದರೆ ಹಿಂದಿನ ಬೆಂಚಿನವರೂ ಮಾತು ನಿಲ್ಲಿಸುತ್ತಿದ್ದರು. ಶಂಖದ ಹುಳು ಹೊಟ್ಟೆಯನ್ನೇ ಕಾಲು ಮಾಡಿಕೊಂಡು ತೆವಳುತ್ತದೆ, ಅದಕ್ಕೇ ಉದರಪಾದಿ. ಹೊಳೆಯ ಸಿಂಪಿಗೆ ಎರಡು ಕದ, ತಲೆಯೇ ಇಲ್ಲ. ಕಡಲಿನ ಆಕ್ಟೋಪಸ್ಸಿಗೆ ತಲೆಯಿಂದಲೇ ಕಾಲು. ನೋಡಲು ಮೂರೂ ಬೇರೆ, ಒಳಗಿನ ಎಲುಬಿಲ್ಲದ ಮೆತ್ತನೆಯ ಮೈ ಒಂದೇ ವಂಶದ್ದು. ಹೀಗೆ ಸರಸರ ಹೇಳುತ್ತಿದ್ದ. ತೋರಿಸುತ್ತಿದ್ದುದೆಲ್ಲ ಮಾತ್ರ ಪ್ರಯೋಗಾಲಯದ ಬಾಟಲಿಗಳಲ್ಲಿ ಬಿಳಿಚಿಕೊಂಡು ಕೂತ ಸತ್ತ ಪ್ರಾಣಿಗಳು.

ಅವನ ಅವ್ವ ಸೀತವ್ವ ಕೊಕಟನೂರಿನ ರಾವಸಾಹೇಬರ ಹೊಲದಲ್ಲಿ ಕೂಲಿ ಮಾಡಿ ಅವನನ್ನು ಓದಿಸಿದ್ದಳು. ಆ ಮನೆಯಲ್ಲಿ ಅವಳಿಗೆ ಚಹಾ ಕೊಡುತ್ತಿದ್ದುದು ಅಂಗಳದಲ್ಲಿ, ಗೋಡೆಯ ಗೂಡಿನಲ್ಲಿಟ್ಟ ಬೇರೆ ಕಪ್ಪಿನಲ್ಲಿ. ಈಗ ಅದೇ ರಾವಸಾಹೇಬರ ಮಗಳು ಕೋಮಲ ಜ್ಞಾನದೇವನ ವಿದ್ಯಾರ್ಥಿನಿ.

2009ರಲ್ಲಿ ಹಿಂಗಾರಿ ಮಳೆ ಬಿಡದೆ ಹೊಡೆಯಿತು. ದ್ರಾಕ್ಷಿಗೆ ಚಾಟಣಿ ಮಾಡಿ, ಹಳೆಯ ಕಡ್ಡಿ ಕತ್ತರಿಸಿ, ಬಳ್ಳಿ ಚಿಗುರುವ ಹೊತ್ತಿಗೆ ರಾವಸಾಹೇಬರ ತೋಟಕ್ಕೆ ಶಂಖದ ಹುಳುಗಳು ನುಗ್ಗಿದವು. "ನಮ್ಮ ಸರಗ ಇದರ ಬಗ್ಗೆ ಎಲ್ಲಾ ಗೊತ್ತೈತಿ" ಎಂದು ಕೋಮಲ ಅಪ್ಪನಿಗೆ ಹೇಳಿದಳು. ಕರೆ ಬಂತು.

ಪಡಸಾಲೆಯಲ್ಲಿ ಕುರ್ಚಿ ಹಾಕಿದ್ದರು. ರಾವಸಾಹೇಬರ ಹೆಂಡತಿ ಅಕ್ಕವ್ವ ತಾವೇ ಚಹಾ ತಂದುಕೊಟ್ಟರು, ಮನೆಯವರ ಕಪ್ಪಿನಲ್ಲೇ. ತಾಟಿನಲ್ಲಿ ಮುಷ್ಟಿಯಷ್ಟು ದೊಡ್ಡ ಹುಳುವೊಂದು ಕೊಂಬು ಚಾಚಿ ತೆವಳುತ್ತಿತ್ತು. ಜ್ಞಾನದೇವ ಅದರ ಪಾದ ತೋರಿಸಿದ, ಉಸಿರಾಡುವ ರಂಧ್ರ ತೋರಿಸಿದ, ಅರದಂಥ ನಾಲಿಗೆಯಿಂದ ಎಲೆಯನ್ನು ಹೇಗೆ ಕೆರೆದು ತಿನ್ನುತ್ತದೆ ಎಂದು ವಿವರಿಸಿದ. ಎಲ್ಲರೂ ಬೆರಗಾಗಿ ಕೇಳಿದರು.

"ಎಲ್ಲಾ ಖರೆ ರೀ ಸರ, ಇವನ್ನ ಕೊಲ್ಲೂದು ಹೆಂಗ್ರಿ?" ಎಂದರು ಅಕ್ಕವ್ವ.

ಅದು ಅವನಿಗೆ ಗೊತ್ತಿರಲಿಲ್ಲ. ಆದರೆ ಆ ಕುರ್ಚಿಯಲ್ಲಿ ಕೂತು ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಹಸಿ ಮೈಯ ಪ್ರಾಣಿ, ಉಪ್ಪು ತಾಗಿದರೆ ನೀರು ಕಳೆದುಕೊಂಡು ಸಾಯುತ್ತದೆ, ಅಷ್ಟು ನೆನಪಾಯಿತು.

"ಬಳ್ಳಿ ಬುಡಕ್ಕ ಸುತ್ತಲೂ ಉಪ್ಪು ಹಾಕ್ರಿ. ಒಂದೂ ಉಳಿಯೂದಿಲ್ಲ."

ಉಪ್ಪು ಬಿದ್ದಲ್ಲಿ ಹುಳುಗಳು ಸತ್ತವು. ಕೆಲವು ದಿನ ಕಳೆದ ಮೇಲೆ ಕೋಮಲ ತರಗತಿಯ ಬಾಗಿಲಲ್ಲಿ ನಿಂತು, "ಸರ, ಬಳ್ಳಿ ಎಲಿ ಸುಟ್ಟಂಗ ಆಗ್ಯಾವ್ರಿ" ಎಂದಳು. ಕೇಳಿದ ಕ್ಷಣವೇ ಅವನಿಗೆ ತಿಳಿದುಹೋಯಿತು. ನೀರು ಬಸಿಯದ ಕರೀ ಮಣ್ಣು, ಅದರ ಮೇಲೆ ಅಷ್ಟು ಉಪ್ಪು! ಹುಳುವಿನ ಮೈ ನೆನಪಿಸಿಕೊಂಡವನು ಬಳ್ಳಿಯ ಬೇರನ್ನು ಮರೆತಿದ್ದ. ಆದರೂ ಬಾಯಿಂದ ಬಂದ ಮಾತೇ ಬೇರೆ: "ರೋಗ ಬಿದ್ದಿರಬೇಕು, ಔಷಧ ಹೊಡೀರಿ."

ಕೋಮಲ ಅವನ ಮುಖವನ್ನೇ ನೋಡಿ, ತಲೆಯಾಡಿಸಿ ಹೋದಳು. ಮರುದಿನದಿಂದ ಮುಂದಿನ ಬೆಂಚು ಬಿಟ್ಟು ಹಿಂದೆ ಕೂತಳು. ಅವನು ಪಾಠ ಮಾಡುವಾಗ ಅವಳು ಪುಸ್ತಕದಿಂದ ಕಣ್ಣೆತ್ತುತ್ತಿರಲಿಲ್ಲ. ತನ್ನ ಪರವಾಗಿ ಅವಳೇ ನಾಚಿಕೊಳ್ಳುತ್ತಿದ್ದಾಳೆ ಅನ್ನಿಸಿ ಜ್ಞಾನದೇವನ ಮಾತು ನಡುವೆಯೇ ತಡವರಿಸುತ್ತಿತ್ತು.

ಕೃಷಿ ಇಲಾಖೆಯವರು ಬಂದು ನೋಡಿ, ಬಳ್ಳಿ ಸುಟ್ಟದ್ದು ಉಪ್ಪಿನಿಂದ ಎಂದ ಸುದ್ದಿ ಸೀತವ್ವನ ಕಿವಿಗೂ ಬಿತ್ತು.

"ಗೊತ್ತಿಲ್ಲ ಅನ್ನಾಕ ಏನಾಗಿತ್ತಲೇ ನಿನಗ?"

"ಅವರ ಮನಿಯಾಗ ಹೆಂಗ ಅನ್ನಲೆ ಯವ್ವಾ?"

ಸೀತವ್ವ, "ಹೋಗು, ಮಾರಿ ತೋರಿಸಿ ಬಾ" ಎಂದಳು.

ಬೈಯಲಿ ಎಂದುಕೊಂಡೇ ಹೋದ. ರಾವಸಾಹೇಬರು ಕೂಲಿಯಾಳುಗಳ ಜೊತೆ ಬಳ್ಳಿಯ ಬುಡದ ಮಣ್ಣು ಕೆತ್ತಿ ಹೊರಗೆ ಹಾಕುತ್ತಿದ್ದರು, ನೀರು ಬಿಟ್ಟು ಉಪ್ಪು ತೊಳೆಯುತ್ತಿದ್ದರು. "ನೀವು ಹೇಳಿದ್ರಿ, ಹಾಕಿದಾಂವ ನಾನ. ನನಗೂ ಬುದ್ಧಿ ಇರಬೇಕಿತ್ತಲ್ರಿ ಸರ" ಎಂದರು. ಆ 'ಸರ' ಎಂಬುದು ಬೈಗಳಕ್ಕಿಂತ ಹೆಚ್ಚು ಚುಚ್ಚಿತು.

ಕೃಷಿ ಇಲಾಖೆಯವರು, ಹಸಿ ಗೋಣಿಚೀಲ ಹಾಸಿ, ಅದರಡಿ ಸೇರುವ ಹುಳುಗಳನ್ನು ಕೈಯಿಂದ ಆರಿಸಬೇಕು ಎಂದಿದ್ದರು. ಉಪ್ಪು ಬೀಳದ ಸಾಲುಗಳಲ್ಲಿ ಆ ಕೆಲಸ ನಡೆದಿತ್ತು. ಜ್ಞಾನದೇವ ಕಾಲೇಜು ಬಿಟ್ಟ ಮೇಲೆ ದಿನವೂ ಬಂದು ಹುಳು ಆರಿಸತೊಡಗಿದ. ಕೈಗೆಲ್ಲ ಲೋಳೆ. ಬಾಟಲಿಯಲ್ಲಿ ಎಂದೂ ಕಾಣದ ಕಡಲೆಕಾಳಿನಂಥ ತತ್ತಿಗಳ ಗೊಂಚಲನ್ನು ಮಣ್ಣಿನಲ್ಲಿ ಕಂಡ. ಅಕ್ಕವ್ವ ಚಹಾಕ್ಕೆ ಕರೆದರೆ ಪಡಸಾಲೆ ಹತ್ತದೆ ಅಂಗಳದ ಮೂಲೆಯಲ್ಲೇ ಕುಕ್ಕರಗಾಲಲ್ಲಿ ಕೂತು ಕುಡಿಯುತ್ತಿದ್ದ.

ಮಗ ಎಲ್ಲಿ ಕೂಡುತ್ತಾನೆಂದು ಸೀತವ್ವನಿಗೆ ಯಾರೋ ಹೇಳಿದರು. ಅವಳು ಕೆಂಡವಾದಳು. "ನೀ ಉಪ್ಪಿಗೆ ನಾಚಿಕೋ. ಹುಟ್ಟಿಗೆ ನಾಚಿಕೊಂಡಿ ಅಂದ್ರ ನನ್ನ ಮನಿಗೆ ಬರಬ್ಯಾಡ. ನಾ ಕುಂತ ಜಾಗಾದಾಗ ನೀ ಕುಂದರಲಿ ಅಂತ ನಿನ್ನ ಓದಿಸಿಲ್ಲ."

ಮರುದಿನ ಜ್ಞಾನದೇವ ಕೈ ತೊಳೆದು ಪಡಸಾಲೆ ಹತ್ತಿದ, ಕುರ್ಚಿಯಲ್ಲಿ ಕೂತ. ಕೋಮಲ ಒಳಬಾಗಿಲಲ್ಲಿ ನಿಂತಿದ್ದಳು.

"ಸಾವಕಾರ್ರ, ರೋಗ ಅಂದದ್ದೂ ಸುಳ್ಳು. ನನಗ ಅವತ್ತ ಗೊತ್ತಾಗಿತ್ತು. ಆವಾಗ ಖರೆ ಹೇಳಿದ್ದರ ಇನ್ನಷ್ಟು ಬಳ್ಳಿ ಉಳೀತಿದ್ದವು."

ರಾವಸಾಹೇಬರು ತೋಟದ ಕಡೆ ಮುಖ ಮಾಡಿದರು. ಚಹಾ ಆರಿತು. ಜ್ಞಾನದೇವ ಅದನ್ನೇ ಕುಡಿದ.

ಹೆಚ್ಚಿನ ಸಾಲುಗಳು ಬೇಸಿಗೆಯ ಚಾಟಣಿಗೆ ಮತ್ತೆ ಚಿಗುರಿದವು. ರಸ್ತೆ ಬದಿಯ ಒಂದು ಸಾಲು ಪೂರ್ತಿ ಒಣಗಿತು. ಅದನ್ನು ಕಿತ್ತು ಹೊಸ ಸಸಿ ನೆಟ್ಟರು. ಕೋಮಲ ಮುಂದೆ ಕೃಷಿ ಪದವಿಗೆ ಧಾರವಾಡಕ್ಕೆ ಹೋಗುವ ಮುನ್ನ ಬಂದು ಪೇಡೆ ಕೊಟ್ಟುಹೋದಳು. ಜ್ಞಾನದೇವ ಈಗಲೂ ಕೊಕಟನೂರಿನ ಬಸ್ಸಿನಲ್ಲಿ ಹೋಗುವಾಗ ಆ ತೋಟದ ಕಡೆಯ ಕಿಟಕಿಗೆ ಕೂಡುವುದಿಲ್ಲ.