ಅವ್ವನ ಬಾಳೆಗೆ ಬ್ಯಾನಿ

ಆಗೆಲ್ಲ ಸಪ್ತಾಪುರದ ಮನೆಗಳ ಬಚ್ಚಲ ನೀರು ಗಟಾರಕ್ಕೆ ಹೋಗುತ್ತಿರಲಿಲ್ಲ, ಹಿತ್ತಲಿನ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ತೊಂಬತ್ತರ ದಶಕದ ಈ ಮಾತು ಹೇಳಿದರೆ ನನ್ನ ಮಕ್ಕಳು ಮೂಗು ಮುರಿಯುತ್ತಾರೆ. ನಮ್ಮ ಸೀಗೆಪುಡಿ, ಕಡಲೆಹಿಟ್ಟು ಎಲ್ಲ ತೊಳೆದುಹೋಗಿ ಅದರ ಬುಡ ಸೇರುತ್ತಿತ್ತು. ನಮ್ಮ ಜೊತೆ ಬಾಳೆಗೂ ದಿನಾ ಜಳಕ.

ನಮ್ಮ ಬಾಳೆ ಅವ್ವನ ತವರಿನದು. ತವರೂರು ಮುಗದದ ಅಜ್ಜಿ ತೀರಿಕೊಳ್ಳುವ ಮುಂಚೆ ತನ್ನ ಹಿತ್ತಲಿನ ಒಂದು ಮರಿಯನ್ನು ಅವ್ವನ ಉಡಿಯಲ್ಲಿಟ್ಟು ಕಳಿಸಿದ್ದಳು. ಅದಕ್ಕೇ ಅವ್ವ ಅದರ ಮೇಲೆ ಕುಡಗೋಲು ಬೀಳಗೊಡುತ್ತಿರಲಿಲ್ಲ. ಗೊನೆ ಕೊಟ್ಟು ಮುಗಿದ ಗಿಡ ಕಡಿಯುವಂತಿಲ್ಲ, ಬುಡದಲ್ಲಿ ಎದ್ದ ಮರಿ ಕೀಳುವಂತಿಲ್ಲ. "ಉಡ್ಯಾಗ ಹಾಕಿ ಕೊಟ್ಟದ್ದನ್ನ ಯಾರರ ಕಡೀತಾರೇನ?" ಎನ್ನುತ್ತಿದ್ದಳು. ಹೀಗಾಗಿ ಆ ಮೂಲೆಯಲ್ಲಿ ಗಿಡಕ್ಕೆ ಗಿಡ ತಿಕ್ಕುತ್ತಿತ್ತು. ಕಣ್ಣಾಮುಚ್ಚಾಲೆಗೆ ನನಗೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಆ ವರ್ಷ ನಮ್ಮ ಹಿತ್ತಲ ಗಿಡಕ್ಕೇ ಮದ್ದು ಬೇಕಾಯಿತು. ಪಂಚಮಿಯ ಮುಂಚೆ ಜಿಟಿಜಿಟಿ ಮಳೆ ಹಿಡಿದು ಬಿಡಲೇ ಇಲ್ಲ. ಎಲೆಗಳ ಮೇಲೆ ಹಳದಿ ಗೀರು ಎದ್ದವು, ಗೀರು ಕಂದು ಚುಕ್ಕೆಯಾದವು, ಅಂಚು ಸುಟ್ಟಂತೆ ಒಣಗಿತು. ಪಕ್ಕದ ಮನೆಯ ಶಾಂತಕ್ಕ ಗೋಡೆಯ ಮೇಲಿಂದ ಇಣುಕಿ ಗಾಬರಿಯಾದಳು. ಅವಳ ಮಾವನ ಬಾಳೆತೋಟ ಹಿಂದೆ ಸೊರಗು ರೋಗಕ್ಕೆ ಪೂರ್ತಿ ಹೋಗಿತ್ತು.

"ನೀಲವ್ವಾರ, ಇದು ಅದ ಬ್ಯಾನಿ ನೋಡ್ರಿ. ಮಣ್ಣಾಗ ಕುಂತು ನಮ್ಮ ಬಾಳಿಗೂ ಬರತೈತಿ. ಬುಡಸಮೇತ ಕಿತ್ತು ಸುಟ್ಟುಬಿಡ್ರಿ."

ಅಪ್ಪ ಮೊದಲು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿ, ಆಮೇಲೆ ಶಾಂತಕ್ಕನ ಕಡೆಗೇ ವಾಲಿದ. "ನೀ ಪಂಚಮಿಗೆ ಮುಗದಕ್ಕ ಹೋಗಿರ್ತೀಯಲ್ಲ, ಆವಾಗ ತೆಗಸ್ತೇನಿ," ಎಂದ.

"ಹಂಗಾರ ನಾ ಹೋಗಂಗಿಲ್ಲ," ಎಂದು ಅವ್ವ ಪಟ್ಟು ಹಿಡಿದಳು.

ನನಗೆ ಜೀವ ಹೋದಂತಾಯಿತು. ಮುಗದ ಇಲ್ಲವೆಂದರೆ ಬೇವಿನ ಟೊಂಗೆಯ ಜೋಕಾಲಿ ಇಲ್ಲ, ಶೇಂಗಾ ಉಂಡಿ ಇಲ್ಲ, ಅಳ್ಳಿಟ್ಟು ಇಲ್ಲ. ಬಾಳೆ ಉಳಿಯಲಿ ಎಂದು ದೇವರ ಮುಂದೆ ಕೈಮುಗಿದೆ. ಉಂಡಿಯ ಆಸೆಗೆ ಮುಗಿದದ್ದು, ಅದು ದೇವರಿಗೂ ಗೊತ್ತಿದ್ದೀತು.

ಪದ್ಧತಿಯಂತೆ ತನ್ನ ತಂಗಿಯನ್ನು ಹಬ್ಬಕ್ಕೆ ಕರೆಯಲು ಮಾಮಾ ಬಂದ. ಅವ್ವ ಕಾಲಿಗೆ ನೀರು ಕೊಡುವ ಮೊದಲೇ ಅವನನ್ನು ಹಿತ್ತಲಿಗೆ ಕರೆದೊಯ್ದಳು. ಅವನು ಎಲೆಗಳನ್ನು ತಿರುವಿ ತಿರುವಿ ನೋಡಿದ.

"ಸೊರಗು ಬ್ಯಾನಿ ಆಗಿದ್ರ ಎಲಿ ದಂಟು ಮುರಿದು ಜೋತು ಬೀಳಬೇಕಿತ್ತು. ಇಲ್ಲಿ ಬರೇ ಚುಕ್ಕಿ ಅದಾವ. ಆದರ ಒಳಗ ನೋಡದ ಹೆಂಗ ಹೇಳ್ಲಿ? ಒಂದು ಗಿಡ ಕಡೀಬೇಕು, ತಂಗಿ. ಒಳಗ ಕೆಂಪು ಗೆರಿ ಇದ್ರ ಎಲ್ಲಾನೂ ಸುಡೂದ. ಬೆಳ್ಳಗಿದ್ರ ಉಳೀತು."

"ಕಡಿಯೂದಿದ್ರ ನಾನ ಕಡೀತೇನಿ," ಎಂದು ಅವ್ವ ಕುಡಗೋಲು ಇಸಿದುಕೊಂಡಳು. ಗೊನೆ ಕೊಟ್ಟು ಸೋತು ನಿಂತಿದ್ದ ಗಿಡವೊಂದನ್ನು ಒಮ್ಮೆ ಸವರಿ, ಬುಡಕ್ಕೆ ಏಟು ಹಾಕಿದಳು. ಗಿಡ ನೀರು ಚಿಮ್ಮಿಸುತ್ತ ಉರುಳಿತು. ಗೋಡೆಯಾಚೆ ನಿಂತ ಶಾಂತಕ್ಕನೂ ಸೇರಿ ಎಲ್ಲರೂ ಬಗ್ಗಿದೆವು. ಒಳಗೆ ಕೆನೆಯಂಥ ಬಿಳುಪು.

"ಕೆಂಪು ಇಲ್ಲ ಹೌದಲ್ಲೋ, ಯಣ್ಣಾ?"

"ಎಲ್ಲೈತಿ ಕೆಂಪು? ಬ್ಯಾನಿ ಎಲಿಗೆ ಬಂದೈತಿ, ಬುಡಕ್ಕಲ್ಲ. ತವರುಮನಿ ಮಂದಿ ಅಂತ ಎಲ್ಲಾರನೂ ಒಂದ ಖೋಲ್ಯಾಗ ಮಲಗಿಸೀದಿ, ಗಾಳಿ ಎಲ್ಲಿಂದ ಆಡಬೇಕು?"

ಅವ್ವ ಆ ಕೆಸರಿನಲ್ಲೇ ಕುಳಿತು ನಕ್ಕಳು. ಕಣ್ಣಲ್ಲಿ ನೀರೂ ಇತ್ತು. ನನಗೂ ಹೋದ ಜೀವ ಬಂತು.

ಚುಕ್ಕೆಯ ಎಲೆಗಳನ್ನು ಕೊಯ್ದು ಸುಟ್ಟೆವು. ನಿಂತ ನೀರು ಹರಿಯಲು ಕಾಲುವೆ ತೋಡಿದೆವು. ಅಪ್ಪ ಪೇಟೆಯಿಂದ ಮೈಲುತುತ್ತ ತಂದ. ಮಾಮಾ ಅದಕ್ಕೆ ಸುಣ್ಣದ ತಿಳಿ ಬೆರೆಸಿ, ಉಜ್ಜಿದ ಚಾಕು ಅದ್ದಿ ನೋಡಿದ. ಚಾಕು ಕೆಂಪಾದರೆ ಸುಣ್ಣ ಸಾಲದು ಎಂದರ್ಥವಂತೆ. ಮಳೆ ಬಿಟ್ಟ ಹೊತ್ತು ನೋಡಿ, ಹೊಸ ಕಸಬರಿಗೆ ಅದ್ದಿ ಎಲೆಗಳಿಗೆಲ್ಲ ನೀಲಿ ಜಳಕ ಮಾಡಿಸಿದೆವು. ಹೆಚ್ಚಿನ ಮರಿಗಳನ್ನು ಕಿತ್ತಾಗ, ಒಳ್ಳೆಯದೊಂದನ್ನು ಅವ್ವ ತಾನೇ ಗೋಡೆಯ ಮೇಲಿಂದ ಶಾಂತಕ್ಕನ ಉಡಿಗೆ ಹಾಕಿದಳು. ಮರುದಿನ ನಾವು ಮುಗದದಲ್ಲಿ ಜೋಕಾಲಿ ಜೀಕುತ್ತಿದ್ದೆವು. ತಿರುಗಿ ಬರುವಷ್ಟರಲ್ಲಿ ಬಾಳೆಯಲ್ಲಿ ಒಂದು ಚುಕ್ಕೆಯೂ ಇಲ್ಲದ ಹೊಸ ಸುಳಿ ಮೂಡಿತ್ತು.

ಈಗ ಬಚ್ಚಲ ನೀರು ಪೈಪಿನಲ್ಲಿ ಗಟಾರ ಸೇರುತ್ತದೆ. ಬಾಳೆ ಇದ್ದ ಮೂಲೆಯಲ್ಲಿ ನಾವೇ ಖೋಲಿ ಕಟ್ಟಿಸಿದ್ದೇವೆ. ಮಾಮಾ ಇಲ್ಲ, ಮುಗದದ ಮನೆಯೂ ಬೇರೆಯವರದಾಗಿದೆ. ಅವ್ವನನ್ನು ಪಂಚಮಿಗೆ ಕರೆಯಲು ತವರಿನಿಂದ ಯಾರೂ ಬರುವುದಿಲ್ಲ.

ಶಾಂತಕ್ಕನ ಹಿತ್ತಲಿನಲ್ಲಿ ಮಾತ್ರ ಆ ಬಾಳೆ ಮರಿ ಹಾಕುತ್ತಲೇ ಇದೆ. ಹಬ್ಬದ ದಿನ ಅವಳು ಗೋಡೆಯ ಹತ್ತಿರ ನಿಂತು ಕೂಗುತ್ತಾಳೆ: "ನೀಲವ್ವಾರ, ಕರ್ಯಾಕ ಬಂದೇನ್ರಿ, ಲಗೂ ಬರ್ರಿ!" ಅವ್ವ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟು, ನಮಗೆಲ್ಲ ಬಾಗಿಲು ಹಾಕಿಕೊಳ್ಳಲು ಹೇಳಿ, ಪಕ್ಕದ ಮನೆಗೆ ಹೊರಡುತ್ತಾಳೆ.

"ತವರಮನಿಗೆ ಹೋಗಿ ಬರ್ತೇನಿ," ಎನ್ನುತ್ತಾಳೆ.