ತ್ರಿಶಲಾ ಟೀಚರ್ ಮತ್ತು ಸಂಜೆಯ ಬೀಜಗಣಿತ

ನಮ್ಮ ಶಾಲೆಯಲ್ಲಿ ನನ್ನಷ್ಟು ಪೀರಿಯಡ್ ಕಳೆದುಕೊಂಡ ಮಾಸ್ತರ ಇನ್ನೊಬ್ಬನಿಲ್ಲ. ನಾನು ಸತ್ಯಪ್ಪ, ಆಟ ಕಲಿಸುವವನು. ಬುಧವಾರ ಮತ್ತು ಶುಕ್ರವಾರದ ಕೊನೆಯ ಪೀರಿಯಡ್ ಕಾಗದದ ಮೇಲೆ ನನ್ನದು. ಹದಿನಾಲ್ಕು ವರ್ಷಗಳಿಂದ ಅದನ್ನು ನುಂಗುತ್ತ ಬಂದವರು ಗಣಿತದ ತ್ರಿಶಲಾ ಟೀಚರ್. "ಸರ್, ಒಂದ ಲೆಕ್ಕ ಉಳದೈತ್ರಿ, ಹತ್ತ ನಿಮಿಷ" ಅನ್ನುತ್ತಾರೆ. ಆ ಹತ್ತು ನಿಮಿಷ ಗಂಟೆ ಬಾರಿಸಿದರೂ ಮುಗಿಯುವುದಿಲ್ಲ. ಚೆಂಡು ಬಗಲಲ್ಲಿ ಹಿಡಿದು ಬೇವಿನ ಗಿಡದ ಕೆಳಗೆ ನಿಂತು ಎಷ್ಟು ಸಲ ಅವರನ್ನು ಬೈದಿದ್ದೇನೋ ನನಗೇ ಗೊತ್ತಿಲ್ಲ.

ಶಾಲೆ ಇರುವುದು ಮಂಗಸೂಳಿ ದಾರಿಯ ಮೇಲೆ. ಟೀಚರ ಮನೆ ಉಗಾರ ಖುರ್ದದಲ್ಲಿ. ಅವರಿಗೀಗ ಐವತ್ತೆರಡು ವರ್ಷ, ಮೊಣಕಾಲು ಆಗಲೇ ಮುಷ್ಕರ ಹೂಡಿವೆ. ಬೆಳಿಗ್ಗೆ ಐದಕ್ಕೆ ಎದ್ದು, ನೀರು ಸೋಸಿ, ಬಸದಿಗೆ ಹೋಗಿ ಬಂದು, ಎಂಬತ್ತು ದಾಟಿದ ಅತ್ತೆ ಸೋನಾಬಾಯಿಗೆ ಅಡುಗೆ ಮಾಡಿಟ್ಟು ಎಂಟೂವರೆಯ ಬಸ್ಸು ಹಿಡಿಯುತ್ತಾರೆ. ಮದುವೆಯಾದ ವರ್ಷವೇ ಮುನಿಗಳ ಎದುರು ಕೈಮುಗಿದು ಒಂದು ವ್ರತ ತೆಗೆದುಕೊಂಡಿದ್ದರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ನೀರೂ ಕುಡಿಯುವುದಿಲ್ಲ. ಒಂದು ದಿನವೂ ತಪ್ಪಿದವರಲ್ಲ.

ಇಷ್ಟು ಸಾಲದು ಎಂದು ಪ್ರತಿ ವರ್ಷ ಹತ್ತನೆಯ ತರಗತಿಯಲ್ಲಿ ಮುಂದೆ ವಿಜ್ಞಾನ ಓದುವ ಆಸೆಯಿರುವವರನ್ನು ಆರಿಸಿ, ಶಾಲೆ ಬಿಟ್ಟ ಮೇಲೆ ಸಂಜೆ ಹೆಚ್ಚಿನ ಬೀಜಗಣಿತ ಕಲಿಸುತ್ತಿದ್ದರು. ಯಾರೂ ಕಲಿಸು ಎಂದಿರಲಿಲ್ಲ, ಇದಕ್ಕೆ ಸಂಬಳವೂ ಇಲ್ಲ. ಗೇಟಿನ ಕೀಲಿ ನನ್ನ ಹತ್ತಿರ ಇದ್ದ ತಪ್ಪಿಗೆ ನಾನೂ ಅಲ್ಲೇ ಕೂತು ನೊಣ ಹೊಡೆಯಬೇಕು. ಕಳೆದ ವರ್ಷ ಹನ್ನೊಂದು ಮಕ್ಕಳು ಸೇರಿದ್ದರು. ಮೊದಲ ದಿನವೇ ಟೀಚರ್ ತಮ್ಮ ಕಾಯಿದೆ ಹೇಳಿದರು. ನೂರು ಪುಟದ ವಹಿ ಬೇಕು, ಅದು ಸೋಮವಾರ ಟೇಬಲ್ ಮೇಲಿರಬೇಕು. ಗೈಡ್ ತಂದವರು ಸೀದಾ ಮನೆಗೆ. ಬರೀ ಉತ್ತರ ತಂದರೆ ಸೊನ್ನೆ. ಒಂದೊಂದು ಹಂತದ ಪಕ್ಕದಲ್ಲೂ ಅದು ಯಾಕೆ ಬಂತು ಎಂದು ಬರೆದಿರಬೇಕು. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು ಹೇಳಿದರು: "ತಿಳೀಲಿಲ್ಲ ಅಂದ್ರ ತಿಳೀಲಿಲ್ಲ ಅನ್ರಿ. ನಾಚಿಕಿ ಬ್ಯಾಡ. ಉಳದದ್ದ ನಾ ನೋಡ್ಕೋತೀನಿ."

ಆ ಹನ್ನೊಂದರಲ್ಲಿ ಸುಜಾತಾ ಮಂಗಸೂಳಿಯವಳು. ಅಪ್ಪ ಕಾಡಸಿದ್ದ ಕುರಿ ಹೊಡೆದುಕೊಂಡು ವರ್ಷದ ಅರ್ಧ ಊರ ಹೊರಗೇ ಇರುತ್ತಾನೆ. ಚಿಕ್ಕೋಡಿ ಕಡೆಯ ಒಂದು ವಸತಿ ಕಾಲೇಜು ಗಣಿತದಲ್ಲಿ ಎಪ್ಪತ್ತೈದು ತೆಗೆದ ಇಂಥ ಮನೆಯ ಮಕ್ಕಳಿಗೆ ವಿಜ್ಞಾನದ ಸೀಟು, ಊಟ, ವಸತಿ ಎಲ್ಲ ಪುಕ್ಕಟೆ ಕೊಡುತ್ತಿತ್ತು. ಎಪ್ಪತ್ತೈದು ಬಂದರೆ ವಿಜ್ಞಾನ, ಬರದಿದ್ದರೆ ಊರ ಹತ್ತಿರದ ಕಲಾ ವಿಭಾಗ. ಹುಡುಗಿ ಅದನ್ನೇ ಜಪ ಮಾಡಿಕೊಂಡಿದ್ದಳು, ಟೀಚರ್ ಅವಳಿಗಿಂತ ಹೆಚ್ಚು.

ಚಳಿಗಾಲ ಬಂದು ಆರರೊಳಗೆ ಹೊತ್ತು ಮುಳುಗತೊಡಗಿದಾಗ ತೊಂದರೆ ಶುರುವಾಯಿತು. ತರಗತಿ ಬಿಡುವುದೇ ಆರಕ್ಕೆ. ಟೀಚರ್ ಮಧ್ಯಾಹ್ನ ಒಂದಕ್ಕೆ ಉಂಡರೆ ಮತ್ತೆ ಮರುದಿನ ಬೆಳಿಗ್ಗೆಯೇ. "ಇನ್ನೊಂದು ಡಬ್ಬಿ ತರ್ರಿ ಟೀಚರ್" ಎಂದೆ. "ಹುಡುಗರು ಖಾಲಿ ಹೊಟ್ಟೀಲೆ ಕುಂತಿರ್ತಾವ. ಅವುಗಳ ಮುಂದ ನಾ ಹೆಂಗ ತಿನ್ನಲಿ ಸರ್" ಎಂದರು. ಇಂಥವರಿಗೆ ಬುದ್ಧಿ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಸುಮ್ಮನಾದೆ.

ದೀಪಾವಳಿ ಮುಗಿದ ವಾರ ಒಂದು ಸಂಜೆ ಅವರು ಕಣ್ಣು ಕತ್ತಲೆ ಬಂದು ಬೋರ್ಡಿಗೆ ಒರಗಿ ನಿಂತರು. ಮಕ್ಕಳು ಹೆದರಿದವು. ಅವರಲ್ಲಿ ಅಭಿನಂದನ ಎಂಬ ಹುಡುಗ ಜೈನರ ಮನೆಯವನು. ಟೀಚರ ವ್ರತದ ವಿಷಯ ಉಳಿದವರಿಗೆ ತಿಳಿಸಿದ್ದು ಅವನೇ. ಅದಾದ ಮೇಲೆ ನಾನೊಂದು ಪವಾಡ ಕಂಡೆ. ತರಗತಿ ಐದೂಕಾಲಿಗೇ ಬಿಡತೊಡಗಿತು! "ಈ ಸಲದ ಹುಡುಗರು ಭಾಳ ಚುರುಕ ಅದಾವ್ರಿ. ಒಂದ ಸಲ ಹೇಳಿದ್ರ ಸಾಕು, ತಿಳೀತ್ರಿ ಅಂತಾವ" ಎಂದು ಟೀಚರ್ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದರು. ಬೆಳಕಿರುವಾಗಲೇ ಮನೆ ಮುಟ್ಟಿ ಎರಡು ರೊಟ್ಟಿ ಉಣ್ಣುತ್ತಿದ್ದರು, ಮುಖಕ್ಕೂ ಸ್ವಲ್ಪ ಕಳೆ ಬಂದಿತ್ತು. ಹನ್ನೊಂದು ವಹಿಗಳಲ್ಲೂ ಒಂದೇ ಕಾರಣ, ಒಂದೇ ಮಾತಿನಲ್ಲಿ ಬರೆದಿರುವುದು ಅವರ ಕಣ್ಣಿಗೆ ಬೀಳಲಿಲ್ಲವೇ? ಬಿದ್ದಿತ್ತು. ತಾವು ಹೇಳಿದ್ದನ್ನೇ ಮಕ್ಕಳು ಬರೆದಿದ್ದಾರೆ ಎಂದು ಸಂತೋಷಪಟ್ಟಿದ್ದರು. ದಣಿದ ಮನುಷ್ಯ ತನಗೆ ಬೇಕಾದ್ದನ್ನು ಬೇಗ ನಂಬುತ್ತಾನೆ.

ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಬಣ್ಣ ಬಯಲಾಯಿತು. ವರ್ಗ ಸಮೀಕರಣದ ದೊಡ್ಡ ಲೆಕ್ಕವನ್ನು ಹನ್ನೊಂದರಲ್ಲಿ ಹತ್ತು ಮಕ್ಕಳು ಮುಟ್ಟಿರಲಿಲ್ಲ. ಮುಟ್ಟಿದವನು ಅಭಿನಂದನ, ಅವನ ವಹಿಯನ್ನೇ ಉಳಿದವರೆಲ್ಲ ನಕಲು ಮಾಡುತ್ತಿದ್ದದ್ದು. ಸುಜಾತಾಳಿಗೆ ಐವತ್ತೊಂದು. ಟೀಚರ್ ಉತ್ತರ ಪತ್ರಿಕೆಗಳನ್ನು ಟೇಬಲ್ ಮೇಲೆ ಬಡಿದು, "ತಿಳೀತು ತಿಳೀತು ಅಂದ್ರೆಲ್ಲ, ಇದೇನ ಇದು?" ಎಂದು ಕೂಗಿದ್ದು ಮೈದಾನದಲ್ಲಿದ್ದ ನನಗೂ ಕೇಳಿಸಿತು. ಅವರು ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಓಡಿಹೋದೆ.

ಸುಜಾತಾ ಎದ್ದು ನಿಂತಳು. "ತಿಳೀಲಿಲ್ಲ ಅಂದ್ರ ನೀವು ಮತ್ತ ಹೇಳಾಕ ಕುಂಡ್ರತಿದ್ರಿ. ಹೊತ್ತ ಮುಳಗತಿತ್ತು. ನೀವ ಉಪಾಸ ಬೀಳತಿದ್ರಿ. ಅದಕ್ಕ ಎಲ್ಲಾರೂ ಕೂಡಿ ಹಂಗ ಅನ್ನೂನು ಅಂತ ಮಾತಾಡ್ಕೊಂಡ್ವಿ, ಟೀಚರ್."

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದವು ಮಕ್ಕಳು. ಟೀಚರ್ ಕುರ್ಚಿಯಲ್ಲಿ ಕುಸಿದು ಸೆರಗಿನಿಂದ ಮುಖ ಮುಚ್ಚಿಕೊಂಡರು.

ಮರುದಿನದಿಂದ ತರಗತಿ ಏಳರವರೆಗೆ ನಡೆಯಿತು. ಟೀಚರ್ ವ್ರತವನ್ನೂ ಬಿಡಲಿಲ್ಲ, ತರಗತಿಯನ್ನೂ ಬಿಡಲಿಲ್ಲ. ಏನೇನು ತಿಳಿದಿಲ್ಲ ಹೇಳಿ ಎಂದು ಒಬ್ಬೊಬ್ಬರನ್ನೇ ಕೇಳಿದರು. ಮಕ್ಕಳು ತಲೆ ಕೆರೆದುಕೊಂಡವು. ಎಲ್ಲಿ ತಿಳಿದಿಲ್ಲ ಎಂದು ಹೇಳುವುದಕ್ಕೂ ಒಂದಿಷ್ಟು ತಿಳಿದಿರಬೇಕಲ್ಲ! ಎರಡೂವರೆ ತಿಂಗಳಲ್ಲಿ ಕೈಗೆ ಸಿಕ್ಕದ್ದನ್ನೆಲ್ಲ ತಿದ್ದಿದರು, ಸಿಗದೇ ಹೋದದ್ದು ಹಾಗೇ ಉಳಿಯಿತು. ಬಸ್ ಸ್ಟಾಪಿನ ತನಕ ಅವರ ಚೀಲ ನಾನು ಹಿಡಿಯುತ್ತಿದ್ದೆ. "ಸಾಕಾಗೈತ್ರಿ ಸರ್" ಎಂದು ದಿನಾ ಅನ್ನುವರು, ಮರುದಿನ ಮತ್ತೆ ಬರುವರು. ಮನೆಯಲ್ಲಿ ಸೋನಾಬಾಯಿ, "ಪೋರಗಳ ಲೆಕ್ಕಕ್ಕ ನೀ ಯಾಕ ಸಾಯಾಕತ್ತಿ?" ಎಂದು ಬೈಯುತ್ತಿದ್ದರಂತೆ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಸುಜಾತಾಳಿಗೆ ಗಣಿತದಲ್ಲಿ ಎಪ್ಪತ್ತಮೂರು.

ಎರಡನೇ ಪರೀಕ್ಷೆ ಬರೆದು ಅಂಕ ಹೆಚ್ಚಿಸಿಕೊಳ್ಳಬಹುದಿತ್ತು, ಆದರೆ ಅದರ ಫಲಿತಾಂಶ ಬರುವಷ್ಟರಲ್ಲಿ ಆ ಕಾಲೇಜಿನ ಸೀಟು ತುಂಬಿರುತ್ತಿದ್ದವು. ಟೀಚರ್ ಎರಡು ಸಲ ಚಿಕ್ಕೋಡಿಗೆ ಹೋಗಿ ಕೇಳಿಕೊಂಡು ಬಂದರು. ಎಪ್ಪತ್ತಮೂರು ಎಂದರೆ ಎಪ್ಪತ್ತಮೂರೇ, ಆಗುವುದಿಲ್ಲ ಎಂದರು ಅಲ್ಲಿ. ಅವಳ ಹೆಸರು ಕಲಾ ವಿಭಾಗಕ್ಕೆ ಹಚ್ಚಿದ್ದಾರೆ ಎಂದು ಗೊತ್ತಾದ ದಿನ ಟೀಚರ್ ನನ್ನ ಬೈಕಿನ ಹಿಂದೆ ಕೂತು ಮಂಗಸೂಳಿಗೆ ಬಂದರು.

ಸುಜಾತಾಳ ತಾಯಿ ತಾರವ್ವ ನಮ್ಮನ್ನು ಕಂಡವಳೇ ಮೊದಲು ನೋಡಿದ್ದು ಪಡುವಣ ದಿಕ್ಕನ್ನು. "ಇನ್ನೂ ಹೊತ್ತೈತ್ರಿ, ಬರ್ರಿ, ಲಗೂನ ಉಣ್ರಿ" ಎಂದು ಒಳಗೆ ಓಡಿ ರೊಟ್ಟಿ, ಮೊಸರು, ಶೇಂಗಾ ಹಿಂಡಿ ತಂದಿಟ್ಟಳು. "ಹಿಂಡ್ಯಾಗ ಬಳ್ಳೊಳ್ಳಿ ಹಾಕಿಲ್ರಿ, ಮಗಳ ಹೇಳ್ಯಾಳ." ಬೈಯುತ್ತಾಳೆಂದು ಎದೆ ಗಟ್ಟಿ ಮಾಡಿಕೊಂಡು ಬಂದಿದ್ದ ಟೀಚರ್ ಈ ತಾಟಿನ ಮುಂದೆ ಸೋತುಹೋದರು. ಹೊರಗೆ ಎಲ್ಲೂ ಉಣ್ಣದವರು ಅವತ್ತು ಕೂತರು. ಎರಡು ತುತ್ತು ಇಳಿಯುವಷ್ಟರಲ್ಲಿ ಕಣ್ಣು ತುಂಬಿದವು.

ಸುಜಾತಾ ಗೋಡೆಗೆ ಒರಗಿ ನಿಂತಿದ್ದಳು. "ಟೀಚರ್, ಒಂದ ಕೇಳ್ಲಿರಿ?" ಎಂದಳು. "ಕಬ್ಬಿನ ಟ್ರ್ಯಾಕ್ಟರ್ ಲೆಕ್ಕ ಮಾಡ್ಸಿದ್ರೆಲ್ಲ. ವೇಗ ಹನ್ನೆರಡು ಅಂತ ಬರತೈತಿ, ಋಣ ಹದಿನಾರು ಅಂತನೂ ಬರತೈತಿ. ಎರಡೂ ಸಮೀಕರಣಕ್ಕ ಹೊಂದತಾವ. ಪರೀಕ್ಷಾದಾಗ ಹಂತಾದ ಬಂದಿತ್ತು. ಯಾವ್ದ ಬಿಡಬೇಕು, ಯಾಕ ಬಿಡಬೇಕು ತಿಳೀಲಿಲ್ಲ. ಎರಡೂ ಉತ್ತರ ಹೊಡದ ಹಾಕಿದ್ನಿ. ನೀವ ಹೇಳ್ಕೊಟ್ಟ ದಿನ ನಾ ತಿಳೀತು ಅಂದಿದ್ನಿ. ತಿಳದಿದ್ದಿಲ್ರಿ."

ಈಗ ಆ ಲೆಕ್ಕದಿಂದ ಅವಳಿಗೆ ಬರುವ ಅಂಕವೂ ಇಲ್ಲ, ಸೀಟೂ ಇಲ್ಲ. ಟೀಚರ್ ಅವಳನ್ನೇ ನೋಡಿದರು. ಆಮೇಲೆ ತಾಟಿನಲ್ಲೇ ಕೈ ತೊಳೆದರು.

"ಅಯ್ಯ, ಉಂಡ ಹೇಳ್ರೆವ್ವಾ, ಹೊತ್ತ ಮುಳಗಾಕತ್ತೈತಿ!" ಎಂದು ತಾರವ್ವ ಹಣೆ ಬಡಿದುಕೊಂಡಳು.

"ಮುಳುಗ್ಲಿ ಬಿಡ್ರಿ" ಎಂದರು ಟೀಚರ್. ಒಲೆಯ ಮುಂದಿದ್ದ ಇದ್ದಿಲು ಎತ್ತಿಕೊಂಡು ಮೊಣಕಾಲು ಹಿಡಿದು ಹಾಸುಗಲ್ಲಿನ ಮೇಲೆ ಬಗ್ಗಿದರು. ಸಮೀಕರಣ ಬರೆದರು, ಎರಡು ಉತ್ತರ ಬರೆದರು. ಸಮೀಕರಣಕ್ಕೆ ಬರೀ ಅಂಕಿ ಗೊತ್ತು, ಟ್ರ್ಯಾಕ್ಟರ್ ಗೊತ್ತಿಲ್ಲ, ಟ್ರ್ಯಾಕ್ಟರ್ ಗೊತ್ತಿರುವುದು ನಿನಗೆ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಹೊರಗೆ ಬಿಸಿಲು ಪೂರ್ತಿ ಹೋಗಿತ್ತು.

"ತಿಳೀತಾ?"

ಸುಜಾತಾ ಕಲ್ಲಿನ ಮೇಲಿನ ಅಂಕಿಗಳನ್ನು ಬಹಳ ಹೊತ್ತು ನೋಡಿದಳು. ಅರ್ಧ ಉಳಿದ ರೊಟ್ಟಿಯ ಕಡೆಗೂ ಒಮ್ಮೆ ನೋಡಿದಳು.

"ಇಲ್ರಿ" ಎಂದಳು.

ಟೀಚರ್ ಸೆರಗಿನಿಂದ ಕಲ್ಲು ಒರೆಸಿ ಮೊದಲಿನಿಂದ ಶುರು ಮಾಡಿದರು.